ನೀರಿಗಿಳಿಯುವವನಿಗೆ ಪಾಠ ಬೇಡವೆ?

ಕೆಲವು ವರ್ಷಗಳ ಹಿಂದೆ ಬೇಸಗೆಯ ರಜದಲ್ಲಿ ನಾವು ಬಂಧುಗಳ ಊರಿಗೆ ಹೋಗಿದ್ದೆವು. ಅಲ್ಲಿನ ಕೆರೆಯಲ್ಲಿ ಈಜಲು ಹೋದ ಹುಡುಗನೊಬ್ಬನು ಮುಳುಗಿದನೆಂದು ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ನಾವು ಹೋಗಿ ನೋಡುವಾಗ ಊರಿಗೆ ಊರೇ ಏರಿಯ ಮೇಲೆ ನೆರೆದಿತ್ತು. ಹುಡುಗನು ಕಣ್ಮರೆಯಾಗಿ ಆಗಲೇ ಎರಡು ಗಂಟೆ ಕಳೆದಿತ್ತು. ಪಕ್ಕದ ಹಳ್ಳಿಯಿಂದ ಒಬ್ಬ ತರುಣನನ್ನು ಕರೆಸಿದ್ದರು. ಸುತ್ತಣ ಹತ್ತಾರು ಹಳ್ಳಿಗಳಲ್ಲಿ ಇಂಥ ಅನಾಹುತವಾದಾಗಲೆಲ್ಲ ಹೇಳಿಕಳುಹಿಸುವುದು ಅವನಿಗೇ ಎಂದು ಜನ ಹೇಳಿದರು. ಅವನ ಸೊಂಟಕ್ಕೆ ಹಗ್ಗವಿರಲಿಲ್ಲ, ಮುಖಕ್ಕೆ ಮುಖವಾಡವಿರಲಿಲ್ಲ, ದಡದಲ್ಲಿ ಅವನನ್ನು ಗಮನಿಸಲು ಗೊತ್ತುಮಾಡಿದ ಒಬ್ಬ ಮನುಷ್ಯನೂ ಇರಲಿಲ್ಲ. ನಾಲ್ಕು ಸಲ ಮುಳುಗಿ ಬರಿಗೈಯಲ್ಲಿ ಮೇಲೆ ಬಂದನು. ಪ್ರತಿ ಸಲವೂ ಏರಿಯ ಮೇಲಿನ ಜನ “ಇನ್ನೊಂದು ಸಲ, ಇನ್ನೊಂದು ಸಲ” ಎಂದು ಕೂಗುತ್ತಿದ್ದರು. ಐದನೆಯ ಸಲ ಶವ ದೊರೆಯಿತು. ದಡಕ್ಕೆ ಬಂದ ತರುಣನ ಮೂಗಿನಿಂದ ರಕ್ತ ಒಸರುತ್ತಿತ್ತು. ಆತನ ಕಡೆಗೆ ಯಾರ ಲಕ್ಷ್ಯವೂ ಇರಲಿಲ್ಲ. ಇರಬೇಕೆಂದು ಆ ದುಃಖದ ಹೊತ್ತಿನಲ್ಲಿ ಹೇಳುವುದಾದರೂ ಹೇಗೆ?

ಸಂಜೆ ನಾವು ಭೌತಶಾಸ್ತ್ರದ ಮೇಷ್ಟರೆಂದು ತಿಳಿದು ಅವನು ನಮ್ಮ ಬಳಿ ಬಂದು ಕುಳಿತನು. “ಸಾರ್, ಆಳಕ್ಕೆ ಹೋದ ಹಾಗೆಲ್ಲ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಅದು ಏಕೆ?” ಎಂದು ಕೇಳಿದನು. ಹನ್ನೊಂದು ವರ್ಷಗಳಿಂದ ನೀರಿನಿಂದ ಹೆಣ ತೆಗೆಯುವ ಕೆಲಸ ಮಾಡುತ್ತಿದ್ದವನು ಕೇಳಿದ ಪ್ರಶ್ನೆ ಇದು. ಇದರ ಉತ್ತರ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿದೆ. ನಾವು ವರ್ಷವರ್ಷವೂ ನೂರಾರು ವಿದ್ಯಾರ್ಥಿಗಳಿಗೆ ಅದನ್ನು ಹೇಳಿಕೊಡುತ್ತೇವೆ. ಅವರು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಯಾರ ಪ್ರಾಣ ಅದರ ಮೇಲೆ ನಿಂತಿದೆಯೋ ಅವನಿಗೆ ಮಾತ್ರ ಅದನ್ನು ಯಾರೂ ಹೇಳಿರಲಿಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ನೀರಿನಲ್ಲಿ ಸಿಕ್ಕವರನ್ನು ಹುಡುಕಲು ಇಳಿಯುವ ಮುಳುಗುಗಾರನಿಗೆ ಧೈರ್ಯವೂ ಈಜಿನ ಪಟುತ್ವವೂ ಸಾಲವು. ಅವನಿಗೆ ಕ್ರಮವಾದ ಶಿಕ್ಷಣ ಬೇಕು. ಆ ಶಿಕ್ಷಣದ ಅತಿ ಮುಖ್ಯ ಪಾಠವು ಹೇಗೆ ಇಳಿಯಬೇಕೆಂಬುದಲ್ಲ, ಯಾವಾಗ ಇಳಿಯಬಾರದೆಂಬುದು. ಅದನ್ನು ಕೊಡಿಸುವ ಹೊಣೆ ಅವನನ್ನು ಕರೆಸುವ ನಮ್ಮೆಲ್ಲರದು.

ವಿಷಯವು ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ನೀರಿನಲ್ಲಿ ಮುಳುಗಿ ಸತ್ತವರ ಸಂಖ್ಯೆ ಸುಮಾರು 3 ಲಕ್ಷ. ಅಂದರೆ ಗಂಟೆಗೆ 30ಕ್ಕೂ ಹೆಚ್ಚು ಮಂದಿ. ಅವರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಜನ 30 ವರ್ಷ ತುಂಬದವರು. ನಮ್ಮ ದೇಶವೊಂದರಲ್ಲೇ ಈಚಿನ ವರ್ಷಗಳಲ್ಲಿ ವರ್ಷಕ್ಕೆ 30 ಸಾವಿರಕ್ಕೆ ಮೇಲ್ಪಟ್ಟು ಇಂಥ ಸಾವುಗಳು ಲೆಕ್ಕಕ್ಕೆ ಬಂದಿವೆ. ಕೆರೆ, ಕಟ್ಟೆ, ಕಾಲುವೆ, ಕಲ್ಲುಗಣಿಯ ಗುಂಡಿ, ಕೃಷಿಹೊಂಡ, ಹೊಳೆಯ ಮಡು, ಕಡಲತಡಿ—ನೀರಿರುವ ಕಡೆಯಲ್ಲೆಲ್ಲ ಈ ಭಯವುಂಟು. ಪ್ರತಿಯೊಂದು ಸಾವಿನ ಹಿಂದೆಯೂ ಯಾರೋ ಒಬ್ಬನು ನೀರಿಗಿಳಿದು ಹುಡುಕಿದವನಿರುತ್ತಾನೆ. ಸತ್ತವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಇಳಿದವನ ಕಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನೀರಿನೊಳಗೆ ಮನುಷ್ಯನಿಗೆ ಏನಾಗುವುದೆಂಬುದನ್ನು ಮೊದಲು ನೋಡೋಣ. ನಮ್ಮ ತಲೆಯ ಮೇಲಿನ ಗಾಳಿಯ ಒತ್ತಡಕ್ಕೆ ಒಂದು ವಾಯುಭಾರವೆಂದು ಹೆಸರು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಕೇವಲ 10 ಮೀಟರ್ ಆಳದ ನೀರು ಇಡೀ ವಾಯುಮಂಡಲದಷ್ಟೇ ಒತ್ತಡವನ್ನು ಹಾಕುತ್ತದೆ. 10 ಮೀಟರ್ ಕೆಳಗೆ ಎರಡು ವಾಯುಭಾರ, 20 ಮೀಟರಿನಲ್ಲಿ ಮೂರು, 30 ಮೀಟರಿನಲ್ಲಿ ನಾಲ್ಕು. ಮೂರು ಮೀಟರ್ ಇಳಿದರೆ ಸಾಕು, ಕಿವಿಯ ತಮಟೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 300 ಗ್ರಾಂ ಭಾರ ಹೊರಗಿನಿಂದ ಹೆಚ್ಚಾಗಿ ಬೀಳುತ್ತದೆ. ಒಳಗಿನ ಗಾಳಿ ಮೊದಲಿನ ಒತ್ತಡದಲ್ಲೇ ಇರುವುದರಿಂದ ತಮಟೆ ಒಳಕ್ಕೆ ಬಾಗುತ್ತದೆ. ಆ ತರುಣನು ಹೇಳಿದ ಸೂಜಿಯ ನೋವು ಇದೇ. ಗಂಟಲಿನಿಂದ ನಡುಕಿವಿಗೆ ಹೋಗುವ ಸಣ್ಣ ನಾಳವೊಂದಿದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿದರೆ ಆ ನಾಳ ತೆರೆದು ಎರಡು ಕಡೆಯ ಒತ್ತಡವೂ ಸಮನಾಗುತ್ತದೆ. ಹಾಗೆ ಮಾಡದೆ ನೋವನ್ನು ನುಂಗಿಕೊಂಡು ಇನ್ನೂ ಕೆಳಗೆ ಹೋದರೆ ತಮಟೆ ಹರಿಯಬಹುದು. ಆಗ ತಣ್ಣೀರು ಕಿವಿಯೊಳಗೆ ನುಗ್ಗಿ ತಲೆ ಸುತ್ತುತ್ತದೆ. ಕೆಸರುನೀರಿನ ಕತ್ತಲೆಯಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯದಾಗುತ್ತದೆ. ಎಂಥ ಈಜುಗಾರನಾದರೂ ಈ ಸ್ಥಿತಿಯಲ್ಲಿ ಅಸಹಾಯಕನು.

ನಮ್ಮ ಹಳ್ಳಿಯ ಮುಳುಗುಗಾರರು ಇಳಿಯುವ ಮುನ್ನ ಹತ್ತಾರು ಸಲ ಬಲವಾಗಿ ಉಸಿರೆಳೆದು ಬಿಡುವುದನ್ನು ವಾಚಕರು ನೋಡಿರಬಹುದು. ಹೆಚ್ಚು ಗಾಳಿ ತುಂಬಿಕೊಳ್ಳುವುದು ಇದರ ಉದ್ದೇಶವೆಂದು ಅವರ ನಂಬಿಕೆ. ಆದರೆ ನಿಜವಾಗಿ ಆಗುವುದೇ ಬೇರೆ. ರಕ್ತದಲ್ಲಿನ ಆಮ್ಲಜನಕ ಇದರಿಂದ ಹೆಚ್ಚೇನೂ ಏರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಬಹಳ ಕಡಮೆಯಾಗುತ್ತದೆ. ಉಸಿರಾಡಬೇಕೆಂಬ ತವಕವನ್ನು ನಮ್ಮಲ್ಲಿ ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಈ ಅನಿಲದ ಹೆಚ್ಚಳ. ಅದನ್ನು ಮೊದಲೇ ಹೊರಹಾಕಿದವನಿಗೆ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ಆಮ್ಲಜನಕ ತೀರಿ ಪ್ರಜ್ಞೆ ತಪ್ಪಬಹುದು. ಅದೂ ಮೇಲೆ ಬರುತ್ತಿರುವಾಗ, ಹೊರಗಿನ ಒತ್ತಡ ಇಳಿಯುತ್ತಿರುವಾಗ, ದಡದಿಂದ ಒಂದೆರಡು ಮಾರು ದೂರದಲ್ಲೇ ಹೀಗಾಗುವುದುಂಟು. ನೋಡುವವರಿಗೆ ಯಾವ ಗದ್ದಲವೂ ಕಾಣಿಸದು. ಮನುಷ್ಯನು ಸದ್ದಿಲ್ಲದೆ ಮುಳುಗುತ್ತಾನೆ. ಅನುಭವವು ಕಲಿಸಿದ ಅಭ್ಯಾಸವೇ ಪ್ರಾಣಕ್ಕೆ ಎರವಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಟ್ಟರೆ ತೀರಿತಲ್ಲ, ಎಂದು ಕೆಲವರು ಕೇಳುವರು. 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ಎಂಬವರು ಸಿದ್ಧಪಡಿಸಿದ ಉಸಿರಾಟದ ಸಾಧನವು ಮುಳುಗುಗಾರನಿಗೆ ದೊಡ್ಡ ಸ್ವಾತಂತ್ರ್ಯವನ್ನು ತಂದುಕೊಟ್ಟಿತೆಂಬುದು ನಿಜ. ಆದರೆ ಸಾಧನವು ಅಪಾಯವನ್ನು ಕಳೆಯುವುದಿಲ್ಲ, ಹೊಸ ರೂಪಕ್ಕೆ ತಿರುಗಿಸುತ್ತದೆ. ಬಾಯ್ಲನು 1662ರಲ್ಲಿ ಪ್ರಕಟಿಸಿದ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು: ಉಷ್ಣತೆ ಬದಲಾಗದಿದ್ದರೆ ಒತ್ತಡ ಇಮ್ಮಡಿಯಾದಾಗ ಅನಿಲದ ಗಾತ್ರ ಅರ್ಧಕ್ಕಿಳಿಯುವುದು. 10 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡವನು ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಬಂದನೆನ್ನೋಣ. ಆ ಗಾಳಿ ಮೇಲ್ಮೈ ತಲಪುವಾಗ ಎರಡು ಪಟ್ಟು ಹಿಗ್ಗಲು ಯತ್ನಿಸುತ್ತದೆ. ಶ್ವಾಸಕೋಶ ಅಷ್ಟನ್ನು ತಾಳಲಾರದೆ ಹರಿಯುತ್ತದೆ. ಮುಳುಗುವವನು ಸಹಜವಾಗಿ ಉಸಿರು ಹಿಡಿಯುತ್ತಾನೆ. ಸಾಧನ ತೊಟ್ಟವನು ಎಂದೂ ಹಿಡಿಯಕೂಡದು. ಈ ಎರಡು ಅಭ್ಯಾಸಗಳೂ ಒಂದಕ್ಕೊಂದು ವಿರುದ್ಧ. ಹಳೆಯ ಅಭ್ಯಾಸವನ್ನು ಅಳಿಸಿ ಹೊಸದನ್ನು ಊರಿಸುವುದಕ್ಕೆ ವಾರಗಟ್ಟಲೆಯ ಶಿಕ್ಷಣ ಬೇಕು. ಉದಾರಿಗಳು ಒಂದು ಸಿಲಿಂಡರನ್ನು ಕೊಂಡು ದಾನ ಮಾಡಿದ ಮಾತ್ರಕ್ಕೆ ಅದು ಬಾರದು. ಶಿಕ್ಷಣವಿಲ್ಲದವನ ಬೆನ್ನಿಗೆ ಆ ದಾನ ಅಪಾಯವನ್ನೇ ಕಟ್ಟಿದಂತೆ.

ಗಾಳಿಯ ಲೆಕ್ಕವನ್ನೂ ನೋಡಿ. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಭಾರ ಒತ್ತಡದಲ್ಲಿ ಗಾಳಿ ತುಂಬಿದರೆ ಹೊರಗಣ ಲೆಕ್ಕದಲ್ಲಿ ಅದು 2400 ಲೀಟರ್ ಆಗುವುದು. ಹಗುರವಾಗಿ ಕೆಲಸ ಮಾಡುವ ಮನುಷ್ಯನಿಗೆ ನಿಮಿಷಕ್ಕೆ 20 ಲೀಟರ್ ಬೇಕೆಂದರೆ ದಡದಲ್ಲಿ ಅದು ಎರಡು ಗಂಟೆ ಸಾಕಾಗುತ್ತದೆ. 20 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ವೆಚ್ಚವಾಗುವುದರಿಂದ 40 ನಿಮಿಷವಾಯಿತು. ಸೆಳವಿಗೆ ಎದುರಾಗಿ ದುಡಿಯುವವನಿಗೆ ಉಸಿರು ಇಮ್ಮಡಿ ಬೇಕು, 20 ನಿಮಿಷಕ್ಕಿಳಿಯಿತು. ಆಪತ್ತಿಗೆಂದು ಮೂರರಲ್ಲೊಂದು ಪಾಲನ್ನು ಮೀಸಲಿಟ್ಟರೆ ಉಳಿದದ್ದು ಸುಮಾರು 13 ನಿಮಿಷ. ಎರಡು ಗಂಟೆಯೆಂದು ನಂಬಿ ಇಳಿದವನಿಗೂ 13 ನಿಮಿಷವೆಂದು ತಿಳಿದು ಇಳಿದವನಿಗೂ ಇರುವ ಅಂತರವೇ ಶಿಕ್ಷಣ.

ಇನ್ನು ಸಾರಜನಕದ ವಿಷಯ. ಒತ್ತಡ ಹೆಚ್ಚಿದಂತೆ ದ್ರವದಲ್ಲಿ ಕರಗುವ ಅನಿಲವೂ ಹೆಚ್ಚುತ್ತದೆ. ಆಳದಲ್ಲಿ ಬಹುಕಾಲ ಇದ್ದವನ ರಕ್ತದಲ್ಲಿ ಕರಗಿದ ಸಾರಜನಕವು ಅವನು ಥಟ್ಟನೆ ಮೇಲೆ ಬಂದರೆ, ಸೋಡಾ ಸೀಸೆಯ ಮುಚ್ಚಳ ತೆಗೆದಂತೆ, ಗುಳ್ಳೆಗಳಾಗಿ ಹೊರಡುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಇದರ ಫಲಗಳುಂಟು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಬ್ರಿಟಿಷ್ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ನಿಂತು ಮೇಲೇರುವ ಕ್ರಮವನ್ನು 1908ರಲ್ಲಿ ತನ್ನ ಸಂಗಡಿಗರೊಡನೆ ಪ್ರಕಟಿಸಿದನು. ಅವನ ಮಗ ಜೆ.ಬಿ.ಎಸ್. ಹಾಲ್ಡೇನರ ಹೆಸರು ನಮಗೆ ಇನ್ನೂ ಹತ್ತಿರದ್ದು. ಅವರು 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1939ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ನೌಕೆ ಪರೀಕ್ಷಾಯಾನದಲ್ಲೇ ಮುಳುಗಿ 99 ಮಂದಿ ಸತ್ತಾಗ, ಅದರೊಳಗೆ ಸಿಕ್ಕವರ ಗತಿಯೇನಾಯಿತೆಂದು ತಿಳಿಯಲು ಈ ಹಾಲ್ಡೇನರು ತಮ್ಮ ಸಂಗಡಿಗರೊಂದಿಗೆ ಮುಚ್ಚಿದ ಕೋಣೆಯಲ್ಲಿ ಕುಳಿತು ತಮ್ಮ ಮೈಯ ಮೇಲೆಯೇ ಪ್ರಯೋಗ ಮಾಡಿಕೊಂಡರು. ನಮ್ಮ ಕೆರೆಗಳು ಅಷ್ಟು ಆಳವಿಲ್ಲವಾದುದರಿಂದ ಅಲ್ಲಿ ಸಾರಜನಕದ ಭಯ ಕಡಮೆ. ಜಲಾಶಯದಲ್ಲಿ, ಕಲ್ಲುಗಣಿಯಲ್ಲಿ, ಸಮುದ್ರದಲ್ಲಿ ಅದು ನಿಜವಾದ ಭಯ. ನೂರು ವರ್ಷಗಳಿಗೂ ಹಿಂದೆ ಇಷ್ಟು ಶ್ರಮದಿಂದ ಸಂಪಾದಿಸಿದ ಜ್ಞಾನವು ಇಂದಿಗೂ ಅದು ಬೇಕಾದವನ ಕೈಗೆ ಸೇರದಿದ್ದರೆ ತಪ್ಪು ವಿಜ್ಞಾನದ್ದಲ್ಲ.

ಹರಿಯುವ ನೀರಿನ ಪಾಠವಂತೂ ಇನ್ನೂ ಕಠಿನ. ಸೆಳವು ಮೈಮೇಲೆ ಹಾಕುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರಿಗೆ ಎದೆಯೊಡ್ಡಿ ನಿಂತವನ ಮೇಲೆ ಸುಮಾರು 25 ಕಿಲೋಗ್ರಾಂ ತೂಕದಷ್ಟು ಬಲ ಬೀಳುವುದಾದರೆ, ವೇಗ 2 ಮೀಟರ್ ಆದಾಗ ಅದು 50 ಅಲ್ಲ, 100 ಆಗುವುದು. 3 ಮೀಟರ್ ಆದಾಗ 225. ದಡದಿಂದ ನೋಡುವವರಿಗೆ “ಹೊಳೆ ಸ್ವಲ್ಪ ಜೋರಾಗಿದೆ” ಎಂದಷ್ಟೇ ತೋರುತ್ತದೆ. ಇಳಿದವನಿಗೆ ಅದು ಒಂಬತ್ತು ಮಡಿ. ಕೆರೆಯ ತೂಬಿನ ಬಳಿಯ ಅಪಾಯ ಇನ್ನೂ ಗುಪ್ತವಾದುದು. ನಾಲ್ಕು ಮೀಟರ್ ನೀರಿನ ಅಡಿಯಲ್ಲಿ 30 ಸೆಂಟಿಮೀಟರ್ ಚದರದ ಒಂದು ಕಂಡಿ ತೆರೆದಿದ್ದು, ಅದರ ಆಚೆ ಬರಿಯ ಗಾಳಿಯಿದ್ದರೆ, ಆ ಕಂಡಿಗೆ ಅಡ್ಡಬಂದ ದೇಹವನ್ನು ನೀರು ಸುಮಾರು 360 ಕಿಲೋಗ್ರಾಂ ಭಾರದಿಂದ ಅದುಮಿ ಹಿಡಿಯುತ್ತದೆ. ಅದರಿಂದ ಬಿಡಿಸಿಕೊಳ್ಳುವ ತೋಳ್ಬಲ ಯಾವ ಮನುಷ್ಯನಿಗೂ ಇಲ್ಲ. ತೂಬು ಮುಚ್ಚಿದೆಯೇ, ಮೇಲಣ ಅಣೆಕಟ್ಟಿನಿಂದ ನೀರು ಬಿಡುವವರಿದ್ದಾರೆಯೇ ಎಂದು ವಿಚಾರಿಸದೆ ಇಳಿಯುವುದು ಶೌರ್ಯವಲ್ಲ, ಅಜ್ಞಾನ. ಆದರೆ ಅದನ್ನು ಅಜ್ಞಾನವೆಂದು ಹಳಿಯುವ ಹಕ್ಕು ಪಾಠ ಹೇಳಿಕೊಟ್ಟವರಿಗೆ ಮಾತ್ರ ಉಂಟು.

ಇಲ್ಲಿ ಒಂದು ಕಹಿಯಾದ ಸತ್ಯವನ್ನು ಹೇಳಲೇಬೇಕಾಗಿದೆ. ಮುಳುಗಿದವನ ಮಿದುಳಿಗೆ ಆಮ್ಲಜನಕ ನಿಂತ ಕೆಲವೇ ನಿಮಿಷಗಳಲ್ಲಿ ಕೇಡು ತೊಡಗುತ್ತದೆ. ಹಿಮದಂತೆ ತಣ್ಣಗಿರುವ ನೀರಿನಲ್ಲಿ ಅಪರೂಪವಾಗಿ ಬಹುಕಾಲದ ಮೇಲೂ ಬದುಕಿದವರುಂಟು. ನಮ್ಮ ನಾಡಿನ ಬೆಚ್ಚನೆಯ ನೀರಿನಲ್ಲಿ 30 ನಿಮಿಷಕ್ಕೆ ಮೇಲ್ಪಟ್ಟು ಮುಳುಗಿದ್ದವನು ಬದುಕುವ ಸಂಭವ ಇಲ್ಲವೆಂದೇ ಹೇಳಬಹುದು. ಆದುದರಿಂದ ನೀರಿನ ಅನಾಹುತದಲ್ಲಿ ಎರಡು ಕಾಲಗಳುಂಟು: ಪ್ರಾಣ ಉಳಿಸುವ ಕಾಲ, ಶವವನ್ನು ತರುವ ಕಾಲ. ಮೊದಲನೆಯದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮುಳುಗುಗಾರನು ಬಂದು ಸೇರುವುದು ಸಾಮಾನ್ಯವಾಗಿ ಎರಡನೆಯ ಕಾಲದಲ್ಲಿ. ಮೊದಲನೆಯ ಕಾಲದಲ್ಲಿ ತಕ್ಕ ಮಟ್ಟಿನ ಅಪಾಯಕ್ಕೆ ಮೈಯೊಡ್ಡುವುದು ನ್ಯಾಯ. ಎರಡನೆಯ ಕಾಲದಲ್ಲಿ ಬದುಕಿರುವವನ ಪ್ರಾಣವನ್ನು ಪಣವೊಡ್ಡುವುದಕ್ಕೆ ಯಾವ ಕಾರಣವೂ ಇಲ್ಲ. ಮಗನ ದೇಹವನ್ನು ಕಾಣಬೇಕೆಂದು ಹಂಬಲಿಸುವ ತಾಯಿಗೆ ಈ ಲೆಕ್ಕವನ್ನು ಹೇಳುವುದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು. ಆಕೆಯ ದುಃಖಕ್ಕೆ ಗೌರವ ಸಲ್ಲಬೇಕು. ಶವವನ್ನು ಮನೆಗೆ ತರುವ ಕೆಲಸವೂ ದೊಡ್ಡ ಸೇವೆಯೇ ಸರಿ. ಆದರೆ ಆ ಸೇವೆಗೆ ಆತುರ ಬೇಡ. ಅಂದು ಏರಿಯ ಮೇಲೆ “ಇನ್ನೊಂದು ಸಲ” ಎಂದು ಕೂಗಿದ ನಮ್ಮ ಜನ ಕೆಟ್ಟವರಲ್ಲ. ಇನ್ನೊಬ್ಬ ತಾಯಿಯ ಮಗನು ನೀರಿನಲ್ಲಿದ್ದಾನೆಂಬುದು ಅವರ ನೆನಪಿಗೆ ಬರಲಿಲ್ಲ.

ಧೀರರಿಗೂ ನುರಿತವರಿಗೂ ಈ ಮಾತು ಅನ್ವಯಿಸುವುದೆಂಬುದಕ್ಕೆ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯ ಪ್ರಸಂಗ ಸಾಕ್ಷಿ. 2018ರ ಜೂನ್ 23ರಂದು 12 ಮಂದಿ ಬಾಲಕರೂ ಅವರ ಫುಟ್‌ಬಾಲ್ ಶಿಕ್ಷಕನೂ ಆ ಗುಹೆಯೊಳಗೆ ಹೋಗಿದ್ದಾಗ ಮಳೆಯ ನೀರು ನುಗ್ಗಿ ದಾರಿ ಮುಚ್ಚಿತು. ಜುಲೈ 2ರಂದು ಅವರನ್ನು ಕಂಡುಹಿಡಿದವರು ರಿಕ್ ಸ್ಟಾಂಟನ್, ಜಾನ್ ವೊಲಾಂಥನ್ ಎಂಬ ಇಬ್ಬರು ಬ್ರಿಟಿಷರು. ಇವರು ಸೈನಿಕರಲ್ಲ, ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ ಕತ್ತಲೆಯ ಗುಹೆಗಳ ನೀರಿನಲ್ಲಿ ಅಭ್ಯಾಸ ಮಾಡಿದವರು. ಥಾಯ್ ನೌಕಾದಳದ ಮಾಜಿ ಯೋಧ ಸಮನ್ ಕುನನ್ ಸ್ವಯಂಸೇವಕನಾಗಿ ಬಂದು, ಗುಹೆಯೊಳಗೆ ಗಾಳಿಯ ಸಿಲಿಂಡರುಗಳನ್ನು ಇರಿಸಿ ಹಿಂದಿರುಗುವಾಗ ಜುಲೈ 6ರಂದು ಪ್ರಾಣ ನೀಗಿದನು. ಅವನ ಧೈರ್ಯದಲ್ಲಾಗಲಿ ದೇಹಬಲದಲ್ಲಾಗಲಿ ಯಾವ ಕೊರತೆಯೂ ಇರಲಿಲ್ಲ. ತೆರೆದ ಸಮುದ್ರದ ಶಿಕ್ಷಣ ಬೇರೆ, ತಲೆಯ ಮೇಲೆ ಬಂಡೆಯಿರುವ ಕತ್ತಲೆಯ ನೀರಿನ ಶಿಕ್ಷಣ ಬೇರೆ. ಕೊನೆಗೆ ಜುಲೈ 8ರಿಂದ 10ರವರೆಗೆ ಹದಿಮೂರು ಜನರನ್ನೂ ಹೊರತಂದರು. ರಿಚರ್ಡ್ ಹ್ಯಾರಿಸ್ ಎಂಬ ಆಸ್ಟ್ರೇಲಿಯದ ಅರಿವಳಿಕೆ ವೈದ್ಯನು ಬಾಲಕರಿಗೆ ಮದ್ದು ಕೊಟ್ಟು ಮಲಗಿಸಿದ್ದನು. ಇಡೀ ಮುಖವನ್ನು ಮುಚ್ಚುವ ಮುಖವಾಡಗಳನ್ನು ತೊಡಿಸಿ ಅವರನ್ನು ನೀರಿನೊಳಗೆ ಸಾಗಿಸಿದರು. ಪ್ರಪಂಚವು ಅದನ್ನು ಪವಾಡವೆಂದಿತು. ಅದು ಪವಾಡವಲ್ಲ, ಮೊದಲೇ ಕಲಿತವರಿದ್ದುದರ ಫಲ.

ನಮ್ಮ ನಾಡಿನಲ್ಲೇ ನಡೆದ ಸಂಗತಿಯೊಂದನ್ನು ನೆನೆಯೋಣ. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲದ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯಲ್ಲಿದ್ದ ಜನರೂ ವಾಹನಗಳೂ ಗಂಗಾವಳಿ ಹೊಳೆಯ ಪಾಲಾದುದು ವಾಚಕರಿಗೆ ನೆನಪಿರಬಹುದು. ಕೇರಳದ ಲಾರಿಯೊಂದು ಚಾಲಕನ ಸಹಿತ ಕಾಣೆಯಾಗಿತ್ತು. ಮುಂಗಾರಿನ ಹೊಳೆ, ಕೆಂಪು ಕೆಸರು, ತಳದಲ್ಲಿ ಮಣ್ಣು, ಮರ, ಬಂಡೆ. ನೌಕಾಪಡೆಯ ಮುಳುಗುಗಾರರೂ ಉಡುಪಿಯ ಕಡಲತಡಿಯ ಸ್ವಯಂಸೇವಕರೂ ಅಲ್ಲಿಗೆ ಬಂದರು. ಸೆಳವು ಮಿತಿಮೀರಿದ್ದುದರಿಂದ ಹುಡುಕಾಟವನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಯಿತು; ಅದಕ್ಕಾಗಿ ಟೀಕೆಗಳೂ ಬಂದುವು. ಕೊನೆಗೆ ಮಳೆ ತಗ್ಗಿದ ಮೇಲೆ, ಹೂಳೆತ್ತುವ ನೌಕೆಯನ್ನು ತರಿಸಿ, ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರಲ್ಲಿದ್ದ ದೇಹವನ್ನೂ ಮೇಲೆತ್ತಿದರು. ಎಪ್ಪತ್ತು ದಿನಗಳು ಬಂಧುಗಳಿಗೆ ಎಂಥವೆಂಬುದನ್ನು ಊಹಿಸಬಹುದು. ಆದರೂ ಆ ಸೆಳವಿನಲ್ಲಿ “ಇಂದು ಇಳಿಯಬೇಡಿ” ಎಂದವರ ನಿರ್ಣಯವೇ ಸರಿಯೆಂದು ನಾವು ನಂಬುತ್ತೇವೆ. ಮೇಲೆ ಹೇಳಿದ ವೇಗದ ವರ್ಗದ ಲೆಕ್ಕ ಗೊತ್ತಿದ್ದವರಿಗೆ ಬೇರೆ ನಿರ್ಣಯ ಸಾಧ್ಯವಿರಲಿಲ್ಲ.

ಇಂಥ ನಿರ್ಣಯವನ್ನು ಒಬ್ಬನೇ ಬಂದ ಹಳ್ಳಿಯ ತರುಣನು ನೂರಾರು ಜನರ ಕೂಗಿಗೆದುರಾಗಿ ಮಾಡಲು ಸಾಧ್ಯವೆ? ಸಾಧ್ಯವಿಲ್ಲ. ಆದುದರಿಂದಲೇ ಶಿಸ್ತಿನ ಪಡೆಗಳಲ್ಲಿ ಇಳಿಯುವವನೇ ನಿರ್ಣಯಿಸುವ ಪದ್ಧತಿಯಿಲ್ಲ. ಬ್ರಿಟನ್ನಿನಲ್ಲಿ 1997ರಲ್ಲಿ ಬಂದ ನಿಯಮಗಳ ಪ್ರಕಾರ ಕೆಲಸಕ್ಕಾಗಿ ಮುಳುಗುವ ಪ್ರತಿಯೊಂದು ಸಂದರ್ಭಕ್ಕೂ ಒಬ್ಬ ಮೇಲ್ವಿಚಾರಕನನ್ನು ಬರಹದಲ್ಲಿ ನೇಮಿಸಬೇಕು. ಒಳ್ಳೆಯ ತಂಡದಲ್ಲಿ ನಾಲ್ಕು ಪಾತ್ರಗಳಿರುತ್ತವೆ: ನೀರಿಗಿಳಿಯುವವನೊಬ್ಬ, ಅವನಿಗೆ ಕಟ್ಟಿದ ಹಗ್ಗವನ್ನು ದಡದಲ್ಲಿ ಹಿಡಿದು ಸನ್ನೆ ತಿಳಿಯುವವನೊಬ್ಬ, ಉಡುಪು ತೊಟ್ಟು ಆಪತ್ತಿಗೆ ಸಿದ್ಧನಾಗಿ ಕುಳಿತ ಇನ್ನೊಬ್ಬ ಮುಳುಗುಗಾರ, ಇವರೆಲ್ಲರ ಮೇಲೆ ಗಡಿಯಾರವನ್ನೂ ಹೊಳೆಯನ್ನೂ ನೋಡುತ್ತ “ಸಾಕು” ಎನ್ನುವ ಅಧಿಕಾರವುಳ್ಳ ನಾಯಕ. ಕೆಸರುನೀರಿನಲ್ಲಿ ಕಣ್ಣು ಕೆಲಸಕ್ಕೆ ಬಾರದು, ಹುಡುಕುವುದೆಲ್ಲ ಕೈಬೆರಳುಗಳಿಂದ. ದಡದವನು ಹಗ್ಗವನ್ನು ಅಳೆದು ಬಿಡುತ್ತ ಬಂದರೆ ಮುಳುಗಿದವನು ಕಮಾನಿನಂತೆ ಅತ್ತಿಂದಿತ್ತ ಹೊರಳಿ ತಳದ ಒಂದಂಗುಲವನ್ನೂ ಬಿಡದೆ ತಡಕಬಹುದು. ಆ ಒಂದು ಹಗ್ಗ ಅವನಿಗೆ ದಾರಿ, ಮಾತು ಮತ್ತು ಪ್ರಾಣ.

ನಮ್ಮಲ್ಲಿ ಏನಾಗಬೇಕು? ನಾವು ದೊಡ್ಡ ಯೋಜನೆಗಳನ್ನು ಕೇಳುವುದಿಲ್ಲ. ದೊಡ್ಡ ಹೊಳೆ, ಜಲಾಶಯ ಅಥವಾ ಕಡಲಿರುವ ಪ್ರತಿಯೊಂದು ತಾಲ್ಲೂಕಿನಲ್ಲೂ ಈಗಾಗಲೇ ಈ ಕೆಲಸ ಮಾಡುತ್ತಿರುವ ಬೆಸ್ತರು, ಮೊಗವೀರರು, ಅಂಬಿಗರು ಮತ್ತು ಇತರ ಈಜುಗಾರರ ಪಟ್ಟಿಯೊಂದನ್ನು ಮಾಡಬೇಕು. ಅವರಿಗೆ ವೈದ್ಯಪರೀಕ್ಷೆ ನಡೆಸಿ, ಕೆಲವು ತಿಂಗಳ ಶಿಕ್ಷಣ ಕೊಡಬೇಕು: ಮೊದಲು ಕೊಳದ ತಿಳಿನೀರಿನಲ್ಲಿ, ಬಳಿಕ ನಿಂತ ಕೆರೆಯಲ್ಲಿ, ಕಣ್ಣು ಕಟ್ಟಿ ಕತ್ತಲೆಯಲ್ಲಿ, ಕಟ್ಟಕಡೆಗೆ ಹರಿಯುವ ನೀರಿನಲ್ಲಿ. ಒತ್ತಡದ ಪಾಠ, ಗಾಳಿಯ ಲೆಕ್ಕ, ಹಗ್ಗದ ಸನ್ನೆ, ಎದೆಯೊತ್ತಿ ಉಸಿರು ಕೊಡುವ ಪ್ರಥಮ ಚಿಕಿತ್ಸೆ ಇವೆಲ್ಲ ಅದರಲ್ಲಿರಬೇಕು. ತಂಡಕ್ಕೆ ಉಪಕರಣ, ಸದಸ್ಯನಿಗೆ ದಿನಗೂಲಿ, ಅವನ ಕುಟುಂಬಕ್ಕೆ ವಿಮೆ ಇರಬೇಕು. ಶಾಲು ಹೊದಿಸಿ ಹಾರ ಹಾಕುವುದು ಒಳ್ಳೆಯದೇ. ಆದರೆ ಹರಿದ ಕಿವಿತಮಟೆಗೆ ಶಾಲು ಔಷಧವಲ್ಲ. ಅಭ್ಯಾಸ ವರ್ಷಕ್ಕೊಮ್ಮೆ ನಡೆದು ನಿಲ್ಲದೆ ತಿಂಗಳು ತಿಂಗಳೂ ಆಗಬೇಕು. ಏಕೆಂದರೆ ಭಯದ ಹೊತ್ತಿನಲ್ಲಿ ಮನುಷ್ಯನಿಗೆ ಒದಗುವುದು ಓದಿದ ಪಾಠವಲ್ಲ, ಕೈಗೆ ಬಂದ ಅಭ್ಯಾಸ.

ಇದಕ್ಕೆ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ರಾಷ್ಟ್ರೀಯ ವಿಪತ್ತು ಪ್ರತಿಕ್ರಿಯಾ ಪಡೆ 2006ರಿಂದ ಇದೆ, ರಾಜ್ಯದ ಪಡೆಯಿದೆ, ಅಗ್ನಿಶಾಮಕ ದಳವಿದೆ, ನೌಕಾಪಡೆಯಿದೆ. ಇನ್ನು ತಾಲ್ಲೂಕಿಗೊಂದು ತಂಡವೇಕೆ, ಎಂಬುದು ಒಂದು. ಆ ಪಡೆಗಳ ಸಾಮರ್ಥ್ಯವನ್ನು ನಾವು ಗೌರವಿಸುತ್ತೇವೆ. ಆದರೆ ಅವು ದೂರದಿಂದ ಬರುವುದಕ್ಕೆ ಗಂಟೆಗಳು ಬೇಕು. ಅಷ್ಟರೊಳಗೆ ಊರಿನವರು ಯಾರನ್ನಾದರೂ ಇಳಿಸಿಯೇ ಇಳಿಸುತ್ತಾರೆ. ತಾಲ್ಲೂಕಿನ ತಂಡವಿರಲಿ ಬೇಡವೇ ಎಂಬುದು ಪ್ರಶ್ನೆಯಲ್ಲ. ತಂಡ ಈಗಲೇ ಇದೆ, ಅದಕ್ಕೆ ಶಿಕ್ಷಣವಿಲ್ಲ. ಎರಡನೆಯ ಆಕ್ಷೇಪಣೆ, ಹೊಳೆಯ ಮಗನಿಗೆ ಹೊಳೆಯ ಪಾಠ ಹೇಳುವವರು ನೀವು ಯಾರು ಎಂಬುದು. ಇದರಲ್ಲಿ ಸತ್ಯಾಂಶವುಂಟು. ಯಾವ ಮಡುವಿನಲ್ಲಿ ಸುಳಿಯಿದೆ, ಯಾವ ಬಂಡೆಯ ಸಂದಿನಲ್ಲಿ ನೀರು ಒಳಸೇರುತ್ತದೆ, ಮುಳುಗಿದ್ದು ಎಷ್ಟು ದಿನಕ್ಕೆ ಎಲ್ಲಿ ತೇಲುತ್ತದೆ ಎಂಬುದನ್ನು ಅಂಬಿಗನು ಬಲ್ಲಷ್ಟು ಯಾವ ಉಪನ್ಯಾಸಕನೂ ಅರಿಯನು. ಶಿಕ್ಷಕರು ಅವನಿಂದ ಅದನ್ನು ಕಲಿಯತಕ್ಕದ್ದು. ಆದರೆ ಒತ್ತಡದ ನಿಯಮ ಎಲ್ಲ ಹೊಳೆಗೂ ಒಂದೇ. ಅದನ್ನು ಅನುಭವದಿಂದಲೇ ಕಲಿಯಬೇಕಾದರೆ ಶುಲ್ಕ ಬಹಳ ದುಬಾರಿ. ಮೂರನೆಯದು ಹಣದ ಮಾತು. ಒಂದು ತಂಡದ ಉಪಕರಣಕ್ಕೆ ತಗಲುವ ವೆಚ್ಚ ಒಂದು ಸರ್ಕಾರಿ ವಾಹನದ ಬೆಲೆಯನ್ನು ಮೀರಲಾರದೆಂದು ನಮ್ಮ ಎಣಿಕೆ. ನಮ್ಮ ಮನಸ್ಸಿನಲ್ಲಿ ಅದಕ್ಕೆ ಯಾವ ಸ್ಥಾನವಿದೆಯೆಂಬುದೇ ಪ್ರಶ್ನೆ.

ವಿದ್ಯಾರ್ಥಿಗಳಾದ ನೀವು ಮಾಡಬಹುದಾದದ್ದೂ ಇದೆ. ಪ್ರಾಣ ಉಳಿಸುವ ಮೊದಲ ಅರ್ಧ ಗಂಟೆಯಲ್ಲಿ ಸ್ಥಳದಲ್ಲಿರುವವರು ಮುಳುಗುಗಾರರಲ್ಲ, ನೀವು. ಮುಳುಗುವವನತ್ತ ನೀವೂ ಹಾರಬೇಡಿ. ಗಾಬರಿಗೊಂಡವನು ಅಪ್ಪಿ ಹಿಡಿದು ಇಬ್ಬರನ್ನೂ ಮುಳುಗಿಸುತ್ತಾನೆ. ಉದ್ದನೆಯ ಕೋಲು, ಸೀರೆ, ಹಗ್ಗ, ಮುಚ್ಚಳ ಬಿಗಿದ ಬರಿಯ ಕೊಡ, ಕೈಗೆ ಸಿಕ್ಕಿದ್ದನ್ನು ಚಾಚಿರಿ ಇಲ್ಲವೆ ಎಸೆಯಿರಿ. ಹೊರತೆಗೆದವನಿಗೆ ಉಸಿರು ಕೊಡುವುದನ್ನೂ ಎದೆಯೊತ್ತುವುದನ್ನೂ ಕಾಲೇಜಿನಲ್ಲೇ ಕಲಿಯಿರಿ. ಮುಳುಗುಗಾರನು ಬಂದ ಮೇಲೆ ಅವನ ಸುತ್ತ ಗುಂಪು ಕಟ್ಟಿ ಕೂಗಬೇಡಿ, ಕೂಗುವವರನ್ನು ತಡೆಯಿರಿ. ಅವನು “ಇಂದು ಆಗದು” ಎಂದರೆ ಹೇಡಿಯೆನ್ನಬೇಡಿ. ಅವನ ಪರವಾಗಿ ನಿಂತು, ಏಕೆ ಆಗದೆಂಬುದನ್ನು ಜನರಿಗೆ ಲೆಕ್ಕಹಾಕಿ ತಿಳಿಸುವ ವಿದ್ಯೆ ನಿಮ್ಮ ಕೈಯಲ್ಲಿದೆ.

ಆ ಸಂಜೆ ನಾವು ಏರಿಯ ಮೇಲಿನ ಮಣ್ಣಿನಲ್ಲಿ ಕಡ್ಡಿಯಿಂದ ಚಿತ್ರ ಬರೆದು ಆ ತರುಣನಿಗೆ ಕಿವಿಯ ನಾಳ, ಗಾಳಿಯ ಗಾತ್ರ, ಉಸಿರಿನ ಎಚ್ಚರಿಕೆ ಇವನ್ನೆಲ್ಲ ಹೇಳಿದೆವು. ಕಾಲು ಗಂಟೆಯೂ ಹಿಡಿಯಲಿಲ್ಲ. ನಮ್ಮ ತರಗತಿಯ ಎಷ್ಟೋ ಮಂದಿಗಿಂತ ಬೇಗ ಅವನು ಗ್ರಹಿಸಿದನು. ಅವನಿಗೆ ಅದು ಅಂಕಗಳ ವಿಷಯವಾಗಿರಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ, ತನ್ನೊಡನೆ ಇದೇ ಕೆಲಸ ಮಾಡುತ್ತಿದ್ದ ಚಿಕ್ಕಪ್ಪನೊಬ್ಬನು ಮೇಲೆ ಬರುವಾಗ ಸದ್ದಿಲ್ಲದೆ ಮುಳುಗಿಹೋದನೆಂದೂ, ಜಲದೇವತೆ ಎಳೆದುಕೊಂಡಳೆಂದು ಊರಿನವರು ಅಂದರೆಂದೂ ಹೇಳಿ ಸುಮ್ಮನಾದನು. ಕಾಲು ಗಂಟೆಯ ಆ ಪಾಠ ಆ ಮನೆಗೆ ತಡವಾಗಿ ತಲಪಿತು. ಇನ್ನುಳಿದ ಮನೆಗಳಿಗಾದರೂ ಅದು ಹೊತ್ತಿಗೆ ಸರಿಯಾಗಿ ತಲಪಲಿ.